ಮಗುವನ್ನು ಬಿಟ್ಟುಹೋಗುವ ಜಾಗಕ್ಕೆ ಎಷ್ಟು ಅಂಕ?

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ, ಹೊಸದಾಗಿ ಚೆನ್ನೈಗೆ ಬಂದ ಗೆಳತಿಯೊಬ್ಬಳು ಕೇಳಿದಳು: "ಅಕ್ಕ, ನಿಮ್ಮ ಕಡೆ ಒಳ್ಳೆ ಡೇಕೇರ್ ಯಾವುದಿದೆ?" ಒಳ್ಳೆಯದು ಅಂದ್ರೆ ಹೇಗಿರಬೇಕು ಅಂದೆ. "ರೇಟಿಂಗ್ ಚೆನ್ನಾಗಿರ್ಬೇಕು, ಕ್ಯಾಮೆರಾ ಇರ್ಬೇಕು" ಅಂದಳು.

ನಾಲ್ಕು ವರ್ಷದ ಹಿಂದೆ ನಾನೂ ಇದೇ ಎರಡು ಷರತ್ತು ಇಟ್ಟುಕೊಂಡು ಹುಡುಕಿದವಳೇ. ಹೆರಿಗೆ ರಜೆ ಮುಗಿದಿತ್ತು, ಊರಿಂದ ಬಂದಿದ್ದ ಅಮ್ಮ ವಾಪಸ್ ಹೊರಟಿದ್ದರು. ಫೋನಿನಲ್ಲಿ ಐದಕ್ಕೆ ಹತ್ತಿರ ನಕ್ಷತ್ರ ಇದ್ದ ಒಂದು ಜಾಗಕ್ಕೆ ಮಗಳನ್ನು ಸೇರಿಸಿದೆ. ಬಣ್ಣದ ಗೋಡೆ, ರಬ್ಬರ್ ನೆಲ, ಎಲ್ಲಾ ಇತ್ತು. ಒಂದು ಮಧ್ಯಾಹ್ನ ಮೀಟಿಂಗ್ ರದ್ದಾಗಿ, ಸುಮ್ಮನೆ ಕ್ಯಾಮೆರಾ ತೆರೆದು ಮುಕ್ಕಾಲು ಗಂಟೆ ನೋಡುತ್ತಾ ಕೂತೆ. ಹದಿನಾಲ್ಕು ಮಕ್ಕಳು ಟಿವಿ ಮುಂದೆ ಕೂತಿದ್ದವು. ಅಷ್ಟಕ್ಕೂ ಸೇರಿ ಒಬ್ಬಳೇ ಹುಡುಗಿ. ಅವಳಿಗೆ ಇಪ್ಪತ್ತು ವರ್ಷ ಇದ್ದೀತು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಆ ಮುಕ್ಕಾಲು ಗಂಟೆಯಲ್ಲಿ ನನ್ನ ಮಗಳ ಜೊತೆ ಒಬ್ಬರೂ ಒಂದು ಮಾತೂ ಆಡಲಿಲ್ಲ. ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಹದಿನಾಲ್ಕು ಮಕ್ಕಳ ಜೊತೆ ನಾನಾದರೂ ಇನ್ನೇನು ಮಾಡುತ್ತಿದ್ದೆ?

ಹಾಗಾದರೆ ಆ ನಕ್ಷತ್ರಗಳು ಅಳೆದದ್ದೇನನ್ನು? ಈ ಪ್ರಶ್ನೆ ಹಿಡಿದು ಓದುತ್ತಾ ಹೋದರೆ ಅದು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ನಮ್ಮ ಚೆನ್ನೈಗೂ, ನನ್ನ ತವರು ತಾಲ್ಲೂಕಿಗೂ ಆ ಕಥೆಯಲ್ಲಿ ಪಾತ್ರವಿದೆ ಎಂಬುದು ಗೊತ್ತೇ ಇರಲಿಲ್ಲ.

ನಮ್ಮ ದೇಶದಲ್ಲಿ ಕಾನೂನು ಮೊದಮೊದಲು ಕೇಳಿದ್ದು ಕಟ್ಟಡದ ಪ್ರಶ್ನೆ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಬೇಕು ಎಂದಿತು. 1976ರಲ್ಲಿ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. ಕೊಠಡಿಯಲ್ಲಿ ಗಾಳಿ ಬೆಳಕು ಇರಬೇಕು, ಶುಚಿಯಾಗಿರಬೇಕು, ಮಕ್ಕಳ ಆರೈಕೆಯಲ್ಲಿ ತರಬೇತಾದ ಮಹಿಳೆ ಇರಬೇಕು. ಇದೆಲ್ಲ ಬೇಕಾದದ್ದೇ. ಆದರೆ ಇನ್ಸ್‌ಪೆಕ್ಟರ್ ಬಂದು ಕಿಟಕಿ ಎಣಿಸಬಲ್ಲ, ತೊಟ್ಟಿಲು ಎಣಿಸಬಲ್ಲ. ತರಬೇತಾದ ಆ ಮಹಿಳೆ ಮಗುವಿನೊಡನೆ ಹೇಗಿದ್ದಾಳೆ ಎಂದು ಬರೆಯಲು ಅವನ ಫಾರಂನಲ್ಲಿ ಕಾಲಂ ಎಲ್ಲಿ?

ಮಗುವನ್ನು ಕೂತು ನೋಡಬೇಕು ಎಂದು ಹೇಳಿದವರು ಆ ಹೊತ್ತಿಗಾಗಲೇ ನಮ್ಮ ಊರಿಗೇ ಬಂದು ಹೋಗಿದ್ದರು. ಮರಿಯಾ ಮಾಂಟೆಸರಿ 1939ರ ನವೆಂಬರ್‌ನಲ್ಲಿ ಮದರಾಸಿಗೆ ಬಂದು ಅಡಿಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನಡೆಸಿದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದದ್ದರಿಂದ ಶತ್ರು ದೇಶದವರಾಗಿ, 1946ರವರೆಗೂ ಇಲ್ಲೇ ಉಳಿಯಬೇಕಾಯಿತು. ಅವರ ವಿಧಾನದಿಂದ ಪ್ರೇರಣೆ ಪಡೆದಿದ್ದ ತಾರಾಬಾಯಿ ಮೋಡಕ್, ಅದನ್ನು ಬಡವರ ಅಂಗಳಕ್ಕೆ ಇಳಿಸಿದರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಮುಂದೆ ಕೋಸಬಾಡದ ಗುಡ್ಡದಲ್ಲಿ, ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದರು. ಅನುತಾಯಿ ವಾಘ್ ಜೊತೆಗಿದ್ದರು. ದುಬಾರಿ ಸಾಮಗ್ರಿಯ ಬದಲು ಕಲ್ಲು, ಬೀಜ, ಎಲೆ. ಅಂಗನವಾಡಿ ಎಂದು ನಾವು ಇವತ್ತು ಕರೆಯುವುದರ ಬೇರು ಅಲ್ಲಿದೆ.

1972ರಲ್ಲಿ ಮೀನಾ ಸ್ವಾಮಿನಾಥನ್ ಅಧ್ಯಕ್ಷತೆಯ ಅಧ್ಯಯನ ತಂಡ, ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳ ಬಗ್ಗೆ ಕೇಂದ್ರಕ್ಕೆ ವರದಿ ಕೊಟ್ಟಿತು. ಊಟ, ಆರೋಗ್ಯ, ಕಲಿಕೆ ಬೇರೆಬೇರೆಯಲ್ಲ ಎಂಬ ಆ ಕಾಲದ ಆಲೋಚನೆಯೇ 1975ರ ಅಕ್ಟೋಬರ್ 2ರಂದು 33 ಯೋಜನೆಗಳಾಗಿ ಶುರುವಾದ ಐಸಿಡಿಎಸ್. ಕರ್ನಾಟಕದ ಪಾಲಿಗೆ ಆ ಮೊದಲ ಸುತ್ತಿನಲ್ಲಿ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ನಮ್ಮ ತಾಲ್ಲೂಕು!

ನನ್ನ ಚಿಕ್ಕಮ್ಮ ಅಲ್ಲಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದರು. ನಾನು ಅಕ್ಷರಕ್ಕಿಂತ ಮೊದಲು ಹುಣಸೆ ಬೀಜ ಎಣಿಸಲು ಕಲಿತದ್ದು ಅವರ ಹತ್ತಿರ. ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಅವರ ರಿಜಿಸ್ಟರ್‌ಗಳು. ಹಾಜರಿಗೆ ಒಂದು, ತೂಕಕ್ಕೆ ಒಂದು, ಚುಚ್ಚುಮದ್ದಿಗೆ ಒಂದು, ಬಸುರಿ ಬಾಣಂತಿಯರಿಗೆ ಒಂದು, ಅಕ್ಕಿ ಬೇಳೆಯ ದಾಸ್ತಾನಿಗೆ ಇನ್ನೊಂದು. ರಾತ್ರಿ ಊಟವಾದ ಮೇಲೆ ಹಜಾರದಲ್ಲಿ ಹರಡಿಕೊಂಡು ಗೆರೆ ಹೊಡೆದು ತುಂಬುತ್ತಿದ್ದರು. ಸೂಪರ್‌ವೈಸರ್ ಬಂದರೆ ನೋಡುತ್ತಿದ್ದದ್ದು ಅವನ್ನೇ. ಚಿಕ್ಕಮ್ಮ ಕಥೆ ಹೇಳುತ್ತಿದ್ದುದಕ್ಕೆ, ಅಳುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಉಪ್ಪಿಟ್ಟು ಬಡಿಸುತ್ತಿದ್ದುದಕ್ಕೆ ರಿಜಿಸ್ಟರ್ ಇರಲಿಲ್ಲ. ಈಗ ಆ ಪುಸ್ತಕಗಳ ಜಾಗಕ್ಕೆ ಮೊಬೈಲ್ ಆ್ಯಪ್ ಬಂದಿದೆ. ಅಳೆಯಲು ಸುಲಭವಾದದ್ದನ್ನೇ ಅಳೆದು ಡ್ಯಾಶ್‌ಬೋರ್ಡ್ ಮಾಡುವ ಚಾಳಿ ನನ್ನ ವೃತ್ತಿಯದ್ದೂ ಹೌದು, ಆದ್ದರಿಂದ ಆ್ಯಪ್ ಮಾಡಿದವರನ್ನು ಬೈಯಲು ನನಗೆ ಬಾಯಿಲ್ಲ.

ಆ ಇಲ್ಲದ ಕಾಲಂ ಸೇರಿಸಲು ಹೊರಟವರು ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್. 1980ರಲ್ಲಿ ಅವರು ಪ್ರಕಟಿಸಿದ ಅಳತೆಗೋಲನ್ನು ಇಂದಿಗೂ ಇಕರ್ಸ್ ಎಂದು ಕರೆಯುತ್ತಾರೆ. 37 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಪರಿಶೀಲಕರು ಕಡತ ನೋಡಿ ಎದ್ದು ಹೋಗುವಂತಿಲ್ಲ; ಗಂಟೆಗಟ್ಟಲೆ ಮೂಲೆಯಲ್ಲಿ ಕೂತು ನಡೆಯುವುದನ್ನು ನೋಡಬೇಕು. ಬೆಳಗ್ಗೆ ಮಗು ಬಂದಾಗ ಯಾರಾದರೂ ಬರಮಾಡಿಕೊಳ್ಳುತ್ತಾರೆಯೇ ಎಂಬುದೂ ಅಲ್ಲಿ ಒಂದು ಪ್ರಶ್ನೆಯಾಗಿತ್ತು. ಇನ್ನೂ ಆಶ್ಚರ್ಯವೆಂದರೆ, ಕೆಲಸ ಮಾಡುವ ದೊಡ್ಡವರ ಅಗತ್ಯಗಳಿಗೇ ಒಂದು ಭಾಗವಿತ್ತು: ಅವರಿಗೆ ಕೂರಲು ಜಾಗವಿದೆಯೇ, ವೃತ್ತಿಯಲ್ಲಿ ಬೆಳೆಯಲು ಅವಕಾಶವಿದೆಯೇ? ಅದನ್ನು ಓದಿದಾಗ ನನಗೆ ಕ್ಯಾಮೆರಾದಲ್ಲಿ ಕಂಡ ಹುಡುಗಿ ನೆನಪಾದಳು. ಆ ಮುಕ್ಕಾಲು ಗಂಟೆಯೂ ಅವಳು ನಿಂತೇ ಇದ್ದಳು.

ಈ ಅಳತೆಗೋಲನ್ನು ನಮ್ಮ ಮಣ್ಣಿಗೆ ಹೊಂದಿಸಿದ್ದು ಚೆನ್ನೈನಲ್ಲೇ. 1990ರ ದಶಕದಲ್ಲಿ ತರಮಣಿಯ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದಲ್ಲಿ ತಮಿಳುನಾಡಿನ ಬಾಲವಾಡಿಗಳಿಗಾಗಿ ರೂಪುಗೊಂಡ ಅದರ ಹೆಸರು ಟೆಕರ್ಸ್. ನಾನು ದಿನವೂ ಆಫೀಸಿಗೆ ಹೋಗುವ ದಾರಿ ಅದು. ಅದೇ ದಾರಿಯಲ್ಲಿ ಫೋನಿನ ನಕ್ಷತ್ರ ನೋಡುತ್ತಾ ಡೇಕೇರ್ ಹುಡುಕಿದ್ದೆ!

ನಕ್ಷತ್ರ ಎಂಬುದೂ ಮಕ್ಕಳ ಆರೈಕೆಗೆ ಬಂದದ್ದು ಫೋನಿನಿಂದಲ್ಲ. 1998ರಲ್ಲಿ ಅಮೆರಿಕದ ಒಕ್ಲಹೋಮ ರಾಜ್ಯ ತನ್ನ ಶಿಶುಪಾಲನಾ ಕೇಂದ್ರಗಳಿಗೆ ನಕ್ಷತ್ರ ಕೊಡತೊಡಗಿತು. ಇಡೀ ರಾಜ್ಯಕ್ಕೆ ಅನ್ವಯವಾದ ಇಂಥ ವ್ಯವಸ್ಥೆಯಲ್ಲಿ ಅಲ್ಲಿಗೆ ಅದೇ ಮೊದಲು. ಆಮೇಲೆ ಒಂದೊಂದಾಗಿ ಹೆಚ್ಚಿನ ರಾಜ್ಯಗಳು ಹಿಂಬಾಲಿಸಿದವು. ಅದರಲ್ಲಿ ಬುದ್ಧಿವಂತಿಕೆಯ ಒಂದು ಅಂಶವಿತ್ತು. ಬಡ ಮಕ್ಕಳ ಶುಲ್ಕವನ್ನು ಸರ್ಕಾರ ಭರಿಸುವಾಗ, ನಕ್ಷತ್ರ ಹೆಚ್ಚಿದಂತೆ ಕೊಡುವ ಹಣವೂ ಹೆಚ್ಚು. ಬರೀ ಅಂಕ ಕೊಟ್ಟು ಕೈ ತೊಳೆದುಕೊಂಡರೆ ಸಾಲದು, ಮೇಲೇರಲು ದುಡ್ಡು ಬೇಕು ಎಂದು ಒಪ್ಪಿಕೊಂಡಂತಾಯಿತು. ಆದರೆ ಲೆಕ್ಕ ಅಲ್ಲೂ ತಪ್ಪಿತು. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ, ಹಲವು ರಾಜ್ಯಗಳ ಮಾಹಿತಿ ಆಧರಿಸಿದ ಅಧ್ಯಯನವೊಂದು, ನಕ್ಷತ್ರಕ್ಕಾಗಿ ಕೂಡುವ ಅಂಶಗಳಲ್ಲಿ ಮಕ್ಕಳ ಕಲಿಕೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸುವುದು ಶಿಕ್ಷಕಿ ಮತ್ತು ಮಗುವಿನ ಒಡನಾಟದ ಗುಣಮಟ್ಟ ಎಂದು ಕಂಡಿತು. ಉಳಿದ ಅಂಶಗಳನ್ನು ಸೇರಿಸಿ ಸರಾಸರಿ ತೆಗೆದರೆ ಆ ಒಂದು ಸೂಚನೆಯೂ ಮಸುಕಾಗುತ್ತಿತ್ತು. ಡೇಟಾ ಕೆಲಸ ಮಾಡುವವರಿಗೆ ಇದು ಹಳೇ ಪಾಠ. ನನ್ನ ಮಗಳ ವಿಷಯದಲ್ಲಿ ಮಾತ್ರ ನಾನದನ್ನು ಮರೆತಿದ್ದೆ.

ಹಾಗಾದರೆ ಒಡನಾಟವನ್ನು ಹೆಚ್ಚಿಸುವುದು ಹೇಗೆ? ಇದಕ್ಕೆ ನಾನು ಓದಿದ ಅತ್ಯಂತ ನೇರ ಉತ್ತರವೂ ತಮಿಳುನಾಡಿನದೇ. 2016ರ ಸುಮಾರಿಗೆ ಗನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯ ಸರ್ಕಾರದ ಜೊತೆ ಸೇರಿ 640 ಅಂಗನವಾಡಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಅರ್ಧದಷ್ಟಕ್ಕೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಅರ್ಧ ದಿನದ ಕೆಲಸ, ಮಕ್ಕಳಿಗೆ ಕಲಿಸುವುದಷ್ಟೇ. ಮಕ್ಕಳಿಗೆ ಕಲಿಸುವ ಹೊತ್ತು ಎರಡು ಪಟ್ಟಾಯಿತು. ಹದಿನೆಂಟು ತಿಂಗಳಲ್ಲಿ ಲೆಕ್ಕ, ಭಾಷೆ ಎರಡರಲ್ಲೂ ಆ ಮಕ್ಕಳು ಮುಂದಿದ್ದರು. ಹಳೆಯ ಕಾರ್ಯಕರ್ತೆಗೆ ಪೌಷ್ಟಿಕತೆ ನೋಡಿಕೊಳ್ಳಲು ಬಿಡುವು ಸಿಕ್ಕಿದ್ದರಿಂದ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಗಿತ್ತು. ಇದನ್ನು ಚಿಕ್ಕಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಇದನ್ನ ಕಂಡುಹಿಡಿಯೋಕೆ ಅಮೆರಿಕದವರು ಬರಬೇಕಿತ್ತಾ ಮಗಾ? ನಾವು ಮೀಟಿಂಗಲ್ಲಿ ಎಷ್ಟು ಸಲ ಹೇಳಿದ್ವಿ" ಅಂದರು.

ಅವರ ಮಾತಿನಲ್ಲಿ ನಗುವಷ್ಟೇ ನೋವೂ ಇತ್ತು. ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ಗೌರವಧನ ಪಡೆಯುವ ಕಾರ್ಯಕರ್ತೆ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆ ಶುರುವಾಗಿ ನಲವತ್ತಾರು ವರ್ಷದ ಮೇಲೆ. ನಮ್ಮ ಐಟಿ ಕಂಪನಿಗಳ ಕಥೆ ಬೇರೆ. 2017ರ ತಿದ್ದುಪಡಿ ಐವತ್ತು ಮತ್ತು ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಸೌಲಭ್ಯ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದಿತು. ನಾನು ಆಗಿದ್ದ ಕಡೆ ಇದನ್ನು ಕೇಳಿದಾಗ ಸಿಕ್ಕಿದ್ದು, ಎರಡು ಬಸ್ ಹತ್ತಿ ಹೋಗಬೇಕಾದ ಒಂದು ಡೇಕೇರ್‌ನ ರಿಯಾಯಿತಿ ಕೂಪನ್. ಕಾನೂನಿನ ಫಾರಂನಲ್ಲಿ ಮಾತ್ರ "ಸೌಲಭ್ಯ ಇದೆ" ಎಂದು ಟಿಕ್ ಬಿದ್ದಿರಬೇಕು.

ಆ ಮಧ್ಯಾಹ್ನದ ನಂತರ ಮಗಳನ್ನು ಬೇರೆ ಕಡೆ ಸೇರಿಸಿದೆ. ಹಳೇ ಮನೆಯ ಕೆಳಮಹಡಿ, ಫೋನಿನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಅಲ್ಲಿನ ಆಯಮ್ಮನ ಬಾಯಿ ಒಂದು ನಿಮಿಷ ಸುಮ್ಮನಿರುವುದಿಲ್ಲ. ನನ್ನ ಮಗಳು ಈಗ ಅರ್ಧ ವಾಕ್ಯ ತಮಿಳು, ಅರ್ಧ ಕನ್ನಡ ಆಡುವುದಕ್ಕೆ ಅವರೇ ಕಾರಣ. ಅಮ್ಮನಿಗೆ ಇದು ಸ್ವಲ್ಪ ಬೇಜಾರು, ನನಗಿಲ್ಲ.

ಯುಗಾದಿಯ ದಿನ ಗೆಳತಿಗೆ ಇಷ್ಟೆಲ್ಲಾ ಹೇಳುವಷ್ಟರಲ್ಲಿ ಹೋಳಿಗೆ ಖಾಲಿಯಾಗುವುದರಲ್ಲಿತ್ತು. ಒಂದು ಮಾತು ಮಾತ್ರ ಹೇಳಿದೆ: ಸೇರಿಸುವ ಮೊದಲು ಒಂದು ಗಂಟೆ ಒಳಗೆ ಕೂರಲು ಬಿಡಿ ಅಂತ ಕೇಳು. ಮುಂದಿನ ವಾರ ಫೋನ್ ಮಾಡಿದಳು. ಮೂರು ಕಡೆ ಕೇಳಿದಳಂತೆ. ಎರಡು ಕಡೆ, ಕ್ಯಾಮೆರಾ ಇದೆಯಲ್ಲ ಮೇಡಂ ಅಂದರು. ಮೂರನೆಯವರು ಕುರ್ಚಿ ಇಲ್ಲ, ಚಾಪೆ ಮೇಲೆ ಕೂರಬೇಕಾಗುತ್ತೆ ಅಂದರು. ಒಂದು ಗಂಟೆಗೆಂದು ಹೋದವಳು ಊಟದ ಹೊತ್ತಿನವರೆಗೂ ಅಲ್ಲೇ ಇದ್ದಳು.