ಪಕ್ಕವಾದ್ಯದವರ ಪಾಡು

ಪಂಡಿತ್ ಜಸ್‌ರಾಜರ ಬಾಲ್ಯ ಕಳೆದದ್ದು ನಮ್ಮ ಹೈದರಾಬಾದಿನಲ್ಲಿ. ತಂದೆ ಮೋತೀರಾಮರು 1934ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಗಾಯಕರೆಂದು ಲೋಕವರಿತ ಜಸ್‌ರಾಜರು ಮೊದಲು ತಬಲಾ ವಾದಕರು. ಅಣ್ಣ ಪ್ರತಾಪನಾರಾಯಣರಿಂದ ಕಲಿತು, ಹಿರಿಯಣ್ಣ ಮಣಿರಾಮರಿಗೆ ಸಾಥ್ ನೀಡುತ್ತ ಊರೂರು ಸುತ್ತಿದರು.

1945ರ ಸುಮಾರಿಗೆ ಲಾಹೋರಿನಲ್ಲಿ, ಬೆಳಗಾವಿ ಸೀಮೆಯ ಸುಳೇಭಾವಿಯ ಕುಮಾರ ಗಂಧರ್ವರಿಗೆ ಸಾಥ್ ನೀಡಿದರು. ಮರುದಿನ ಗಂಧರ್ವರ ರಾಗನಿರೂಪಣೆಯನ್ನು ಹಿರಿಯರೊಬ್ಬರು ಟೀಕಿಸಿದಾಗ ಜಸ್‌ರಾಜರು ಸಮರ್ಥನೆಗೆ ನಿಂತರು. ಸತ್ತ ಚರ್ಮ ಬಡಿಯುವವನಿಗೆ ರಾಗದ ಮಾತೇಕೆ ಎಂಬರ್ಥದ ಉತ್ತರ ಬಂದಿತೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ತಬಲಾ ತೊರೆದು ಗಾಯನ ಹಿಡಿದರು.

ಅದಕ್ಕೂ ಮುನ್ನವೇ ಮೈಸೂರಿನ ಟಿ. ಚೌಡಯ್ಯನವರು ಬೇರೊಂದು ದಾರಿ ಹಿಡಿದಿದ್ದರು. ಧ್ವನಿವರ್ಧಕವಿಲ್ಲದ ಕಚೇರಿಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಅಳವಡಿಸಿದರು. ಪಕ್ಕವಾದ್ಯದಲ್ಲೇ ಹೆಸರಾಗಿ 1957ರಲ್ಲಿ ಸಂಗೀತ ಕಲಾನಿಧಿಯಾದರು.

ಲಾಹೋರಿನ ಆ ಮಾತಿನಿಂದ ನಾಡಿಗೊಬ್ಬ ಮಹಾಗಾಯಕ ದೊರೆತದ್ದು ನಿಜ. ಆದರೆ ಅಂಥ ಮಾತು ನುಂಗಿಕೊಂಡು ನುಡಿಸುತ್ತಲೇ ಉಳಿದವರ ಹೆಸರುಗಳು ಎಷ್ಟೋ ಅಳಿದುಹೋದವು. ತಂದೆ ಮತ್ತು ಅಣ್ಣನ ನೆನಪಿಗೆ ಜಸ್‌ರಾಜರು ಹೈದರಾಬಾದಿನಲ್ಲಿ ಆರಂಭಿಸಿದ ಸಂಗೀತ ಸಮಾರೋಹದಲ್ಲಿ ಕುಳಿತಾಗ, ಗಾಯಕರೊಡನೆ ತಬಲಾ ನುಡಿಸಿದವರ ಹೆಸರನ್ನೂ ಕೇಳಿ ತಿಳಿಯೋಣ.