ಆಟಗಾರರ ಸಂಕೋಲೆ ಕಳಚಿದ ಆಸ್ಕರ್

ಒಪ್ಪಂದದ ಅವಧಿ ಮುಗಿದರೂ ಆಟಗಾರ ಅದೇ ತಂಡದ ಸೊತ್ತು. ಬೇರೆ ತಂಡ ಹೆಚ್ಚು ಹಣ ಕೊಡುವುದಾದರೂ ತನ್ನಿಚ್ಛೆಯಿಂದ ಹೋಗುವಂತಿರಲಿಲ್ಲ. ಆದರೆ ಮಾಲೀಕರು ಅವನನ್ನು ಇನ್ನೊಂದು ತಂಡಕ್ಕೆ ದಾಟಿಸಬಹುದಿತ್ತು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 1976ರವರೆಗೆ ಇದ್ದ ಪದ್ಧತಿ ಇದು. ಅದನ್ನು ಅಲುಗಿಸಿದ ಮೊಕದ್ದಮೆ ಇಂದಿಗೂ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲೇ ಪ್ರಸಿದ್ಧ.

1938ರಲ್ಲಿ ಟೆನೆಸಿಯಲ್ಲಿ ಹುಟ್ಟಿದ ರಾಬರ್ಟ್‌ಸನ್ ಬೆಳೆದದ್ದು ಇಂಡಿಯಾನಾಪೊಲಿಸ್ ನಗರದ ಬಡ ಬಡಾವಣೆಯಲ್ಲಿ. ಚೆಂಡು ಕೊಳ್ಳಲು ಹಣವಿರಲಿಲ್ಲ. ರಬ್ಬರ್ ಬ್ಯಾಂಡ್ ಬಿಗಿದ ಚಿಂದಿ ಬಟ್ಟೆಯ ಉಂಡೆಯನ್ನು ಹಣ್ಣಿನ ಬುಟ್ಟಿಗೆ ಎಸೆಯುತ್ತಲೇ ಗುರಿ ಕಲಿತರು. ಅವರು ಓದಿದ ಕ್ರಿಸ್ಪಸ್ ಅಟಕ್ಸ್ ಪ್ರೌಢಶಾಲೆ ಕಪ್ಪು ಮಕ್ಕಳಿಗಾಗಿಯೇ ಪ್ರತ್ಯೇಕವಾಗಿ ಕಟ್ಟಿದ್ದು. 1955ರಲ್ಲಿ ಈ ಶಾಲೆ ಇಂಡಿಯಾನಾ ರಾಜ್ಯದ ಚಾಂಪಿಯನ್ ಆಯಿತು. ವಿಜೇತರ ಸಂಭ್ರಮಾಚರಣೆ ನಗರದ ನಡುವೆ ನಡೆಯುವುದು ವಾಡಿಕೆ. ಅಟಕ್ಸ್ ಹುಡುಗರನ್ನು ಮಾತ್ರ ಬೇಗನೆ ಅಲ್ಲಿಂದ ಸಾಗಿಸಿ, ಕಪ್ಪು ಜನರ ಬಡಾವಣೆಯ ಉದ್ಯಾನಕ್ಕೆ ಕಳುಹಿಸಲಾಯಿತು. ಮರುವರ್ಷವೂ ಪ್ರಶಸ್ತಿ ಅವರದೇ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದ ರಾಬರ್ಟ್‌ಸನ್, ಅದೇ ವರ್ಷ ಸಿನ್ಸಿನಾಟಿ ರಾಯಲ್ಸ್ ಸೇರಿದರು. 1961-62ರ ಋತುವಿನಲ್ಲಿ ಪ್ರತಿ ಪಂದ್ಯಕ್ಕೆ ಅವರ ಸರಾಸರಿ 30.8 ಅಂಕ, 12.5 ರಿಬೌಂಡ್, 11.4 ಅಸಿಸ್ಟ್. ಅಂದರೆ ಅಂಕ ಗಳಿಕೆ, ಬುಟ್ಟಿ ತಪ್ಪಿದ ಚೆಂಡನ್ನು ವಶಪಡಿಸಿಕೊಳ್ಳುವುದು, ಸಹ ಆಟಗಾರನ ಅಂಕಕ್ಕೆ ನೆರವಾಗುವುದು, ಈ ಮೂರರಲ್ಲೂ ಎರಡಂಕಿ. ಈ ಸಾಧನೆಯನ್ನು ಎನ್‌ಬಿಎಯಲ್ಲಿ ಮತ್ತೆ ಮಾಡಲು ರಸೆಲ್ ವೆಸ್ಟ್‌ಬ್ರೂಕ್ ಬರಬೇಕಾಯಿತು. ಅದು 2016-17ರಲ್ಲಿ.

ಅಂಕಣದ ಹೊರಗಿನ ಹೋರಾಟ ಇನ್ನೂ ಕಠಿಣವಾಗಿತ್ತು. 1965ರಲ್ಲಿ ರಾಬರ್ಟ್‌ಸನ್ ಆಟಗಾರರ ಸಂಘದ ಅಧ್ಯಕ್ಷರಾದರು. ಎರಡು ವರ್ಷಗಳಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿಕೊಂಡಿತು. ಆಟಗಾರರನ್ನು ಸೆಳೆಯಲು ಎರಡೂ ಕಡೆ ಪೈಪೋಟಿ ನಡೆದು ಸಂಬಳ ಏರತೊಡಗಿತು. ಇದಕ್ಕೆ ಮಾಲೀಕರು ಕಂಡ ಪರಿಹಾರ ಎರಡೂ ಲೀಗ್‌ಗಳ ವಿಲೀನ. ಹಾಗಾದರೆ ಆಟಗಾರರಿಗೆ ಇದ್ದ ಒಂದೇ ಪರ್ಯಾಯವೂ ಇಲ್ಲವಾಗುತ್ತಿತ್ತು. 1970ರಲ್ಲಿ ರಾಬರ್ಟ್‌ಸನ್ ಮತ್ತು ಇತರ 13 ಆಟಗಾರರು ಏಕಸ್ವಾಮ್ಯ ವಿರೋಧಿ ಕಾನೂನಿನಡಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದರು.

ಅದೇ ವರ್ಷ ಅವರು ಮಿಲ್ವಾಕೀ ಬಕ್ಸ್ ತಂಡಕ್ಕೆ ವರ್ಗವಾದರು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ಜೊತೆಗೂಡಿ 1971ರಲ್ಲಿ ತಮ್ಮ ಏಕೈಕ ಎನ್‌ಬಿಎ ಕಿರೀಟ ಗೆದ್ದರು. ಮೊಕದ್ದಮೆ ಇತ್ಯರ್ಥವಾಗುವ ಮೊದಲೇ, 1974ರಲ್ಲಿ ನಿವೃತ್ತರೂ ಆದರು.

1976ರಲ್ಲಿ ರಾಜಿಯಾಯಿತು. ಎಬಿಎಯ ನಾಲ್ಕು ತಂಡಗಳು ಎನ್‌ಬಿಎ ಸೇರಿದವು. ಒಪ್ಪಂದ ಮುಗಿದ ಆಟಗಾರನನ್ನು ತಂಡ ಕೊನೆಯಿಲ್ಲದೆ ಕಟ್ಟಿಹಾಕುವ ನಿಯಮ ಹೋಯಿತು. ಆದರೂ ಕೆಲವು ನಿರ್ಬಂಧಗಳು ಉಳಿದಿದ್ದವು. ನಿರ್ಬಂಧವಿಲ್ಲದೆ ತಂಡ ಬದಲಿಸುವ ಹಕ್ಕು ಬಂದದ್ದು 1988ರಲ್ಲಿ. ಅದನ್ನು ಮೊದಲು ಬಳಸಿ ಸಿಯಾಟಲ್ ಬಿಟ್ಟು ಫೀನಿಕ್ಸ್ ಸೇರಿದವರು ಟಾಮ್ ಚೇಂಬರ್ಸ್. ಆ ಹೊತ್ತಿಗೆ ರಾಬರ್ಟ್‌ಸನ್ ಆಟ ಬಿಟ್ಟು 14 ವರ್ಷವಾಗಿತ್ತು. ತಮ್ಮ ಹೆಸರಿನ ಮೊಕದ್ದಮೆ ತಂದ ಸ್ವಾತಂತ್ರ್ಯವನ್ನು ಅವರು ಒಂದು ದಿನವೂ ಅನುಭವಿಸಲಿಲ್ಲ. ಅದರ ಫಲ ಉಂಡದ್ದು ಅವರ ನಂತರದ ತಲೆಮಾರು.