ಅರಾಲ್: ಹತ್ತಿಗಾಗಿ ಬತ್ತಿದ ಸಮುದ್ರ

ಭೂಪಟದಲ್ಲಿ ನೀಲಿ ಬಣ್ಣದಲ್ಲಿ ಬರೆದಿದ್ದ ಒಂದು ಸಮುದ್ರ ಒಬ್ಬ ಮನುಷ್ಯನ ಆಯುಷ್ಯದೊಳಗೆ ಬತ್ತಿಹೋಯಿತು ಎಂದರೆ ನಂಬುವುದು ಕಷ್ಟ. ಆದರೆ ನಮ್ಮ ಕಾಲದಲ್ಲೇ ಅದು ನಡೆದಿದೆ. ಮಧ್ಯ ಏಷ್ಯಾದ ಕಝಾಕಿಸ್ತಾನ ಮತ್ತು ಉಜ್ಬೇಕಿಸ್ತಾನಗಳ ನಡುವೆ ಹರಡಿದ್ದ ಅರಾಲ್ ಸಮುದ್ರದ ವಿಸ್ತೀರ್ಣ 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು. ಕ್ಯಾಸ್ಪಿಯನ್ ಸಮುದ್ರ, ಅಮೆರಿಕದ ಸುಪೀರಿಯರ್ ಸರೋವರ, ಆಫ್ರಿಕಾದ ವಿಕ್ಟೋರಿಯಾ ಸರೋವರಗಳನ್ನು ಬಿಟ್ಟರೆ ಜಗತ್ತಿನ ನಾಲ್ಕನೆಯ ದೊಡ್ಡ ಒಳನಾಡಿನ ಜಲರಾಶಿ ಅದಾಗಿತ್ತು. ಇಂದು ಅದರ ಹತ್ತನೇ ಒಂದು ಭಾಗದಷ್ಟು ಮಾತ್ರ ಉಳಿದಿದೆ. ಉಳಿದುದೆಲ್ಲ ಉಪ್ಪಿನ ಮರುಭೂಮಿ. ಅದಕ್ಕೀಗ 'ಅರಾಲ್‌ಕುಮ್' ಎಂಬ ಹೊಸ ಹೆಸರೂ ಬಿದ್ದಿದೆ.

ಈ ಸಮುದ್ರವನ್ನು ಭೂಕಂಪ ನುಂಗಲಿಲ್ಲ, ಬರಗಾಲವೂ ಒಣಗಿಸಲಿಲ್ಲ. ದೂರದ ರಾಜಧಾನಿಯಲ್ಲಿ ಕುಳಿತವರು ಲಾಭ ನಷ್ಟಗಳ ಲೆಕ್ಕ ಹಾಕಿ, ಸಮುದ್ರ ಹೋದರೂ ಪರವಾಗಿಲ್ಲ ಎಂದು ತೀರ್ಮಾನಿಸಿದ್ದರು. ಆ ಲೆಕ್ಕದಲ್ಲಿ ಏನನ್ನು ಎಣಿಸಲಾಗಿತ್ತು, ಏನನ್ನು ಬಿಡಲಾಗಿತ್ತು ಎಂಬುದನ್ನು ಅರಿಯದೆ ನಾವು ಈ ದುರಂತದಿಂದ ಏನನ್ನೂ ಕಲಿಯಲಾರೆವು.

ಎರಡು ನದಿಗಳ ನಾಡು

ಅರಾಲ್ ಸಮುದ್ರಕ್ಕೆ ಎರಡೇ ನದಿಗಳ ಆಧಾರ. ಪಾಮೀರ್ ಪರ್ವತಗಳಿಂದ ಇಳಿದು ಬರುವ ಅಮು ದರಿಯಾ ಮತ್ತು ತಿಯಾನ್ ಶಾನ್ ಪರ್ವತಗಳಿಂದ ಬರುವ ಸಿರ್ ದರಿಯಾ. ಅರಬ್ ಭೂಗೋಳಕಾರರು ಇವುಗಳನ್ನು ಜೈಹೂನ್ ಮತ್ತು ಸೈಹೂನ್ ಎಂದು ಕರೆದರು. ಅರಾಲ್ ಅವರ ಗ್ರಂಥಗಳಲ್ಲಿ ಖ್ವಾರಿಝ್ಮ್ ಸರೋವರ. ತುರ್ಕಿ ಭಾಷೆಗಳಲ್ಲಿ 'ಅರಾಲ್' ಎಂದರೆ ದ್ವೀಪ. ಒಂದು ಸಾವಿರಕ್ಕೂ ಹೆಚ್ಚು ದ್ವೀಪಗಳಿದ್ದ ಜಲರಾಶಿಗೆ ಅದು ಒಪ್ಪುವ ಹೆಸರೇ ಆಗಿತ್ತು.

ಈ ಸಮುದ್ರದಿಂದ ನೀರು ಹೊರಹೋಗಲು ಯಾವ ದಾರಿಯೂ ಇರಲಿಲ್ಲ. ನದಿಗಳು ತಂದಷ್ಟು ನೀರು ಬಿಸಿಲಿಗೆ ಆವಿಯಾಗುತ್ತಿತ್ತು, ಮಟ್ಟ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತಿತ್ತು. 1960ಕ್ಕೆ ಮುಂಚೆ ವರ್ಷಕ್ಕೆ ಸುಮಾರು 55 ಘನ ಕಿಲೋಮೀಟರ್ ನೀರು ಬಂದು ಸೇರುತ್ತಿತ್ತು. ನಮಗೆ ಪರಿಚಿತವಾದ ಲೆಕ್ಕದಲ್ಲಿ ಹೇಳುವುದಾದರೆ 1,900 ಟಿಎಂಸಿಗೂ ಮಿಕ್ಕಿ. ಕೃಷ್ಣರಾಜಸಾಗರದಂತಹ ಸುಮಾರು 39 ಜಲಾಶಯಗಳು ತುಂಬುವಷ್ಟು. ಈ ಹರಿವು ನಿಂತರೆ ಸಮುದ್ರವೂ ನಿಲ್ಲದು ಎಂಬುದು ಸರಳ ಗಣಿತ.

ಗಣಿತ ಎಂದಾಗ ನೆನಪಾಗಬೇಕಾದ ನಾಡೂ ಇದೇ. ಅಮು ದರಿಯಾದ ಕೆಳದಂಡೆಯ ಖ್ವಾರಿಝ್ಮ್ ಪ್ರದೇಶದ ಹೆಸರನ್ನೇ ಹೊತ್ತ ಅಲ್ ಖ್ವಾರಿಝ್ಮಿಯಿಂದ 'ಅಲ್ಗಾರಿದಮ್' ಎಂಬ ಪದ ಹುಟ್ಟಿತು. ಭಾರತದ ಬಗ್ಗೆ ಮಹತ್ವದ ಗ್ರಂಥ ಬರೆದ ಅಲ್ ಬೀರೂನಿ 973ರಲ್ಲಿ ಹುಟ್ಟಿದ್ದು ಖ್ವಾರಿಝ್ಮ್‌ನ ಕಾತ್ ನಗರದಲ್ಲಿ. ಜೈಹೂನ್ ನದಿಯು ಕಾಲಕಾಲಕ್ಕೆ ತನ್ನ ಪಾತ್ರ ಬದಲಿಸಿದ್ದನ್ನು ಅವರು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ್ದರು.

ಇಲ್ಲಿ ನೀರಾವರಿ ಹೊಸದೇನಲ್ಲ. ಸಾವಿರಾರು ವರ್ಷಗಳಿಂದ ಜನರು ನದಿಯಿಂದ ಕಾಲುವೆ ತೋಡಿ ಗೋಧಿ, ಕಲ್ಲಂಗಡಿ, ದ್ರಾಕ್ಷಿ, ಹತ್ತಿ ಬೆಳೆಯುತ್ತಿದ್ದರು. ಯಾವ ಹೊಲಕ್ಕೆ ಎಷ್ಟು ನೀರು ಎಂಬುದನ್ನು 'ಮೀರಾಬ್' ಎಂಬ ನೀರುಗಂಟಿ ನೋಡಿಕೊಳ್ಳುತ್ತಿದ್ದ. ಕಾಲುವೆಯ ಹೂಳೆತ್ತುವುದು ಊರವರೆಲ್ಲರ ಹೊಣೆಯಾಗಿತ್ತು. ಇಷ್ಟೆಲ್ಲ ಬಳಸಿಯೂ ಸಮುದ್ರಕ್ಕೆ ಸೇರಬೇಕಾದ ಪಾಲು ಸೇರುತ್ತಿತ್ತು.

ಅರಾಲ್ ಹಿಂದೆಯೂ ಕುಗ್ಗಿದ್ದುಂಟು. 1221ರಲ್ಲಿ ಮಂಗೋಲರು ಖ್ವಾರಿಝ್ಮ್‌ನ ರಾಜಧಾನಿ ಗುರ್ಗಂಜನ್ನು ಮುತ್ತಿ ನದಿಯ ಕಟ್ಟೆ ಒಡೆದು ನಗರವನ್ನೇ ಮುಳುಗಿಸಿದರು. ಆ ಬಳಿಕ ಅಮು ದರಿಯಾದ ನೀರು ಬಹುಕಾಲ ಪಶ್ಚಿಮದ ಕಡೆ ತಿರುಗಿ ಹರಿಯಿತು. ಈಚೆಗೆ ಸಮುದ್ರ ಹಿಂಜರಿದಾಗ ಅದರ ತಳದಲ್ಲಿ ಕೆರ್ದೆರಿ ಎಂಬಲ್ಲಿ ಮಧ್ಯಯುಗದ ಗೋರಿ ಕಟ್ಟಡದ ಅವಶೇಷಗಳು ಸಿಕ್ಕಿದವು. ಅಂದರೆ ಅಲ್ಲಿ ಒಮ್ಮೆ ಜನ ಬದುಕಿದ್ದರು, ಆಮೇಲೆ ನೀರು ಮರಳಿ ಬಂದಿತ್ತು. ಇದನ್ನೇ ಮುಂದಿಟ್ಟು "ಅರಾಲ್ ಕುಗ್ಗುವುದೂ ಹಿಗ್ಗುವುದೂ ಸಹಜ" ಎನ್ನುವವರಿದ್ದಾರೆ. ಆದರೆ ಅಂದು ನದಿ ದಿಕ್ಕು ಬದಲಿಸಿತ್ತು, ಮತ್ತೆ ತಿರುಗಿ ಬಂದಾಗ ಸಮುದ್ರವೂ ತುಂಬಿತು. ಇಪ್ಪತ್ತನೇ ಶತಮಾನದಲ್ಲಿ ನದಿಯ ನೀರೇ ಹೊಲಗಳಲ್ಲಿ ಮುಗಿದುಹೋಗುತ್ತಿತ್ತು.

'ಬಿಳಿ ಚಿನ್ನ'

ಈ ಕಥೆಯ ಎಳೆ ಅಮೆರಿಕದವರೆಗೂ ಹೋಗುತ್ತದೆ. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆದಾಗ ಜಗತ್ತಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಬ್ರಿಟಿಷರು ಭಾರತದತ್ತ ತಿರುಗಿದರು. ಧಾರವಾಡದ ಹತ್ತಿಗೆ ಬೇಡಿಕೆ ಏರಿದ್ದು, ಅದನ್ನು ಸಾಗಿಸಲೆಂದು ಕಾರವಾರ ಬಂದರನ್ನು ಬೆಳೆಸುವ ಮಾತು ಎದ್ದದ್ದು ಆಗಲೇ. ರಷ್ಯಾದ ತ್ಸಾರ್ ದೊರೆಗಳ ಕಣ್ಣು ಮಧ್ಯ ಏಷ್ಯಾದ ಮೇಲೆ ಬಿತ್ತು. 1865ರಲ್ಲಿ ತಾಷ್ಕೆಂಟ್, 1868ರಲ್ಲಿ ಸಮರ್ಕಂದ್, 1873ರಲ್ಲಿ ಖೀವಾ ಅವರ ಕೈವಶವಾದವು. ಈ ದಂಡಯಾತ್ರೆಗೆ ಸಾಮ್ರಾಜ್ಯ ವಿಸ್ತಾರದ ಬೇರೆ ಕಾರಣಗಳೂ ಇದ್ದವು. ಆದರೆ ಗೆದ್ದ ನಾಡು ಬಲುಬೇಗ ಮಾಸ್ಕೋ ಗಿರಣಿಗಳ ಹತ್ತಿ ಹೊಲವಾಯಿತು.

1917ರ ಕ್ರಾಂತಿಯ ನಂತರ ಆಡಳಿತ ಬದಲಾಯಿತು, ಹತ್ತಿಯ ಹಂಬಲ ಬದಲಾಗಲಿಲ್ಲ. ತುರ್ಕಿಸ್ತಾನದ ನೀರಾವರಿಗೆ ಹಣ ಒದಗಿಸುವ ಆಜ್ಞೆಗೆ 1918ರಲ್ಲೇ ಲೆನಿನ್ ಸಹಿ ಹಾಕಿದರು. 1921ರಲ್ಲಿ ವೋಲ್ಗಾ ಪ್ರದೇಶ ಭೀಕರ ಕ್ಷಾಮಕ್ಕೆ ತುತ್ತಾದಾಗ ಅದೇ ಲೆನಿನ್ ಅರಾಲ್ ಮೀನುಗಾರರಿಗೆ ಪತ್ರ ಬರೆದು ನೆರವು ಕೇಳಿದರು. ಮೀನುಗಾರರು 14 ರೈಲು ವ್ಯಾಗನ್ ತುಂಬ ಮೀನು ಕಳುಹಿಸಿದರು. ಆ ಘಟನೆಯ ಚಿತ್ರ ಅರಾಲ್ಸ್ಕ್ ರೈಲು ನಿಲ್ದಾಣದ ಗೋಡೆಯ ಮೇಲಿದೆ. ಹಸಿದವರಿಗೆ ಅನ್ನವಾದ ಆ ಸಮುದ್ರದ ಋಣವನ್ನು ರಾಜ್ಯ ಹೇಗೆ ತೀರಿಸಿತೆಂಬುದನ್ನು ಮುಂದೆ ನೋಡೋಣ.

1939ರಲ್ಲಿ ಸುಮಾರು 1,60,000 ರೈತರನ್ನು ಕೂಡಿಸಿ ಮಹಾ ಫರ್ಗಾನಾ ಕಾಲುವೆಯನ್ನು ಕೆಲವೇ ವಾರಗಳಲ್ಲಿ ತೋಡಲಾಯಿತು. 1954ರಲ್ಲಿ ಶುರುವಾದ ಕಾರಾಕುಮ್ ಕಾಲುವೆ ಅಮು ದರಿಯಾದ ನೀರನ್ನು ತುರ್ಕ್‌ಮೆನಿಸ್ತಾನದ ಮರುಭೂಮಿಗೆ ತಿರುಗಿಸಿತು. ಕ್ರಮೇಣ ಅದರ ಉದ್ದ 1,300 ಕಿಲೋಮೀಟರ್ ಮೀರಿತು. ತಳಕ್ಕೆ ಕಾಂಕ್ರೀಟ್ ಇಲ್ಲದ ಮಣ್ಣಿನ ಕಾಲುವೆಯಾದ್ದರಿಂದ ಅಪಾರ ನೀರು ಮರಳಿನಲ್ಲಿ ಇಂಗಿ ಹೋಯಿತು. ನದಿಗಳ ಕಣಿವೆಯಲ್ಲಿ 1960ರ ಸುಮಾರಿಗೆ 50 ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದ್ದ ನೀರಾವರಿ ಭೂಮಿ 1990ರ ವೇಳೆಗೆ 70 ಲಕ್ಷ ಹೆಕ್ಟೇರ್ ದಾಟಿತು. ಹತ್ತಿಗೆ 'ಬಿಳಿ ಚಿನ್ನ' ಎಂಬ ಬಿರುದು ಬಂತು.

ಸಮುದ್ರ ಕುಗ್ಗುವುದೆಂದು ಸೋವಿಯತ್ ಜಲತಜ್ಞರಿಗೆ ಮೊದಲೇ ಗೊತ್ತಿತ್ತು. ಮರುಭೂಮಿಯ ನಡುವೆ ಸುಮ್ಮನೆ ಆವಿಯಾಗುವ ನೀರು ದಂಡ, ಅದೇ ನೀರು ಹತ್ತಿಗೆ ಹರಿದರೆ ಮೀನಿಗಿಂತ ಎಷ್ಟೋ ಪಟ್ಟು ಹೆಚ್ಚು ಆದಾಯ ಎಂಬುದು ಅವರಲ್ಲಿ ಅನೇಕರ ವಾದ. ತಳ ಒಣಗಿದರೆ ಉಪ್ಪು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಧೂಳೇಳುವುದಿಲ್ಲ ಎಂದೂ ಕೆಲವರು ನಂಬಿದ್ದರು. ಆ ಲೆಕ್ಕದಲ್ಲಿ ಹತ್ತಿಯ ಟನ್ನುಗಳಿದ್ದವು. ದಡದ ಜನ ಇರಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ.

ಬಲೆ ಒಣಗಿದ ಊರುಗಳು

1960ರ ದಶಕದಲ್ಲಿ ನೀರಿನ ಮಟ್ಟ ವರ್ಷಕ್ಕೆ ಸರಾಸರಿ 20 ಸೆಂಟಿಮೀಟರ್ ಇಳಿಯಿತು. ಮುಂದಿನ ದಶಕದಲ್ಲಿ ಇಳಿತ ಅರ್ಧ ಮೀಟರ್ ಮೀರಿತು, 1980ರ ದಶಕದಲ್ಲಿ ಇನ್ನೂ ವೇಗವಾಯಿತು. ಕೆಲವು ವರ್ಷಗಳಲ್ಲಿ ನದಿಗಳಿಂದ ಬಹುತೇಕ ಏನೂ ಬರಲಿಲ್ಲ. 1987ರ ಸುಮಾರಿಗೆ ಸಮುದ್ರ ಉತ್ತರ, ದಕ್ಷಿಣ ಎಂದು ಎರಡಾಗಿ ಸೀಳಿತು.

ಹಿಂದೆ ವರ್ಷಕ್ಕೆ 40,000 ಟನ್ನಿಗೂ ಹೆಚ್ಚು ಮೀನು ಸಿಗುತ್ತಿತ್ತು. ಉಪ್ಪಿನಂಶ ಏರಿದಂತೆ ಮೀನು ಸಾಯತೊಡಗಿತು, 1980ರ ದಶಕದ ಆರಂಭಕ್ಕೆ ಮೀನುಗಾರಿಕೆಯೇ ನಿಂತಿತು. ದಕ್ಷಿಣ ದಡದ ಮೊಯ್ನಾಕ್ ಬಂದರಿನಲ್ಲಿ ದೊಡ್ಡ ಮೀನು ಕಾರ್ಖಾನೆಯಿತ್ತು. ಕಾರ್ಮಿಕರ ಕೆಲಸ ಉಳಿಸಲು ಸರಕಾರ ಬಾಲ್ಟಿಕ್ ಮತ್ತು ಪೆಸಿಫಿಕ್ ತೀರಗಳಿಂದ ಹೆಪ್ಪುಗಟ್ಟಿಸಿದ ಮೀನನ್ನು ಸಾವಿರಾರು ಕಿಲೋಮೀಟರ್ ದೂರದಿಂದ ತರಿಸಿ ಅಲ್ಲಿ ಡಬ್ಬಿಗೆ ತುಂಬಿಸಿತು. ಆ ವ್ಯವಸ್ಥೆಯೂ ಹೆಚ್ಚು ಕಾಲ ಬಾಳಲಿಲ್ಲ. ಇಂದು ಮೊಯ್ನಾಕ್‌ನಿಂದ ನೀರು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿದೆ. ತುಕ್ಕು ಹಿಡಿದ ಹಡಗುಗಳು ಮರಳಿನಲ್ಲಿ ನಿಂತಿವೆ, ಪ್ರವಾಸಿಗರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ.

ಉಪ್ಪು ಹೆಪ್ಪುಗಟ್ಟಲಿಲ್ಲ. 1975ರಲ್ಲೇ ಒಣಗಿದ ತಳದಿಂದ ಏಳುವ ಧೂಳಿನ ಬಿರುಗಾಳಿಗಳು ಬಾಹ್ಯಾಕಾಶದಿಂದ ಕಂಡವು. ಆ ಧೂಳಿನಲ್ಲಿ ಉಪ್ಪಷ್ಟೇ ಅಲ್ಲ, ಹತ್ತಿ ಹೊಲಗಳಿಂದ ದಶಕಗಳ ಕಾಲ ಹರಿದು ಬಂದ ಕೀಟನಾಶಕಗಳ ಅಂಶವೂ ಇತ್ತು. ಹೊಲಗಳ ಸ್ಥಿತಿಯೂ ಕೆಟ್ಟಿತು. ಅತಿಯಾಗಿ ನೀರುಣಿಸಿ, ಬಸಿಗಾಲುವೆಗಳನ್ನು ಕಡೆಗಣಿಸಿದರೆ ನೆಲದಾಳದ ಉಪ್ಪು ಮೇಲೇರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ನೆಲವನ್ನು ಕಂಡ ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಉಪ್ಪನ್ನು ತೊಳೆಯಲು ಇನ್ನಷ್ಟು ನೀರು ಬೇಕು, ಆ ನೀರಿಗೆ ಮತ್ತೆ ನದಿಯೇ ಗತಿ.

ಸಮುದ್ರದ ತಂಪು ಹೋದುದರಿಂದ ಬೇಸಿಗೆ ಇನ್ನಷ್ಟು ಬಿಸಿಯಾಯಿತು, ಚಳಿಗಾಲ ಇನ್ನಷ್ಟು ಕಠೋರವಾಯಿತು. ದಕ್ಷಿಣ ದಡದ ಕರಾಕಲ್ಪಾಕ್ ಜನಾಂಗದ ಮಹಿಳೆಯರಲ್ಲಿ ರಕ್ತಹೀನತೆ, ಎಲ್ಲ ವಯಸ್ಸಿನವರಲ್ಲಿ ಕ್ಷಯ ಮತ್ತು ಶ್ವಾಸಕೋಶದ ರೋಗಗಳು ವ್ಯಾಪಕವಾದವು. ಸಮುದ್ರದ ನಡುವಿನ ವೊಝ್‌ರೊಝ್‌ದೇನಿಯೆ ದ್ವೀಪದಲ್ಲಿ ಸೋವಿಯತ್ ಸೇನೆ ಜೈವಿಕ ಅಸ್ತ್ರಗಳ ಪ್ರಯೋಗ ನಡೆಸುತ್ತಿತ್ತು. 1971ರಲ್ಲಿ ಅರಾಲ್ಸ್ಕ್‌ನಲ್ಲಿ ಸಿಡುಬು ತಗಲಿ ಮೂವರು ಸತ್ತ ಘಟನೆ ಬಹುಕಾಲ ಗುಟ್ಟಾಗಿಯೇ ಉಳಿಯಿತು. ನೀರು ಇಳಿದಂತೆ ಆ ದ್ವೀಪ 2001ರ ವೇಳೆಗೆ ನೆಲಕ್ಕೆ ಅಂಟಿಕೊಂಡಿತು. ಅಲ್ಲಿ ಹೂತಿಟ್ಟಿದ್ದ ಆಂಥ್ರಾಕ್ಸ್ ರೋಗಾಣುಗಳನ್ನು 2002ರಲ್ಲಿ ನಾಶಪಡಿಸಬೇಕಾಯಿತು.

ವಿಪರ್ಯಾಸವೆಂದರೆ, ಸಮುದ್ರವನ್ನು ಬಲಿಕೊಟ್ಟು ಬೆಳೆದ ಹತ್ತಿಯಲ್ಲೂ ಒಂದು ಪಾಲು ಕಾಗದದ ಮೇಲಷ್ಟೇ ಇತ್ತು. ಗುರಿ ಮುಟ್ಟಿದಂತೆ ತೋರಿಸಲು ಅಧಿಕಾರಿಗಳು ಬೆಳೆಯದ ಹತ್ತಿಗೆ ಲೆಕ್ಕ ಬರೆದಿದ್ದರು. 1980ರ ದಶಕದಲ್ಲಿ ಈ ಹಗರಣ ಬಯಲಾಗಿ ಉಜ್ಬೇಕ್ ನಾಯಕತ್ವವೇ ನಡುಗಿತು. ಸೈಬೀರಿಯಾದ ನದಿಗಳನ್ನು ಮಧ್ಯ ಏಷ್ಯಾಕ್ಕೆ ತಿರುಗಿಸುವ ಭಾರೀ ಯೋಜನೆಯನ್ನು ಲೇಖಕರ, ವಿಜ್ಞಾನಿಗಳ ವಿರೋಧದ ನಡುವೆ 1986ರಲ್ಲಿ ಕೈಬಿಡಲಾಯಿತು.

ಉಳಿದುದನ್ನು ಉಳಿಸಿಕೊಳ್ಳುವ ಯತ್ನ

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಒಂದೇ ಕಣಿವೆ ಐದು ಗಣರಾಜ್ಯಗಳ ಪಾಲಾಯಿತು. ಹಳೆಯ ನೀರು ಹಂಚಿಕೆಯೇ ಮುಂದುವರಿಯಲೆಂದು 1992ರಲ್ಲಿ ಒಪ್ಪಂದವಾಯಿತು, ಮರುವರ್ಷ ಅರಾಲ್ ರಕ್ಷಣೆಗೆ ಅಂತಾರಾಷ್ಟ್ರೀಯ ನಿಧಿ ಸ್ಥಾಪನೆಯಾಯಿತು. ಸ್ವತಂತ್ರ ಉಜ್ಬೇಕಿಸ್ತಾನ ಹತ್ತಿಯ ಸರಕಾರಿ ಗುರಿಗಳನ್ನು ಬಿಡಲಿಲ್ಲ. ಕೊಯ್ಲಿನ ಕಾಲದಲ್ಲಿ ಶಾಲಾ ಮಕ್ಕಳನ್ನೂ ಶಿಕ್ಷಕರನ್ನೂ ಹೊಲಕ್ಕೆ ಅಟ್ಟಲಾಗುತ್ತಿತ್ತು. ಜಗತ್ತಿನ ಅನೇಕ ಉಡುಪು ಕಂಪೆನಿಗಳು ಆ ಹತ್ತಿಯನ್ನು ಬಹಿಷ್ಕರಿಸಿದವು. ಬಲವಂತದ ದುಡಿಮೆ ವ್ಯವಸ್ಥಿತ ರೂಪದಲ್ಲಿ ಉಳಿದಿಲ್ಲವೆಂದು ಖಚಿತವಾದ ಮೇಲೆ 2022ರಲ್ಲಿ ಬಹಿಷ್ಕಾರ ಕೊನೆಗೊಂಡಿತು.

ಆಶಾದಾಯಕ ಸುದ್ದಿ ಬಂದದ್ದು ಉತ್ತರದಿಂದ. ಕಝಾಕ್ ಸ್ಥಳೀಯರು 1990ರ ದಶಕದಲ್ಲಿ ಉತ್ತರದ ನೀರು ದಕ್ಷಿಣಕ್ಕೆ ಜಾರದಂತೆ ಮರಳಿನ ಒಡ್ಡು ಕಟ್ಟಿದರು. ಅದು ಒಡೆಯಿತು, ಮತ್ತೆ ಕಟ್ಟಿದರು. 1999ರ ಬಿರುಗಾಳಿಗೆ ಕೊಚ್ಚಿಹೋಯಿತು. ಆದರೆ ಒಡ್ಡು ನಿಂತಷ್ಟು ದಿನ ನೀರು ಏರಿದ್ದನ್ನು ಎಲ್ಲರೂ ನೋಡಿದ್ದರು. ಕೊನೆಗೆ ವಿಶ್ವಬ್ಯಾಂಕಿನ ನೆರವಿನಿಂದ ಸುಮಾರು 13 ಕಿಲೋಮೀಟರ್ ಉದ್ದದ ಕೋಕ್ ಅರಾಲ್ ಅಣೆಕಟ್ಟು 2005ರಲ್ಲಿ ಪೂರ್ಣಗೊಂಡಿತು. ವರ್ಷಗಳೇ ಬೇಕು ಎಂದುಕೊಂಡಿದ್ದ ಮಟ್ಟಕ್ಕೆ ನೀರು ಒಂದು ವರ್ಷದೊಳಗೆ ಏರಿತು. ಉಪ್ಪಿನಂಶ ಇಳಿಯಿತು, ಸಿಹಿನೀರಿನ ಮೀನುಗಳು ನದಿಯಿಂದ ಮರಳಿ ಬಂದವು, ವರ್ಷಕ್ಕೆ ಸಾವಿರಾರು ಟನ್ ಮೀನು ಮತ್ತೆ ಸಿಗತೊಡಗಿತು.

ದಕ್ಷಿಣಕ್ಕೆ ಆ ಭಾಗ್ಯ ಇರಲಿಲ್ಲ. 2014ರಲ್ಲಿ ಅದರ ಪೂರ್ವ ಭಾಗ ಪೂರ್ತಿ ಒಣಗಿದ್ದನ್ನು ನಾಸಾದ ಉಪಗ್ರಹ ಚಿತ್ರಗಳು ತೋರಿಸಿದವು. ಅಲ್ಲೀಗ ನೀರನ್ನು ಮರಳಿ ತರುವ ಮಾತಿಲ್ಲ, ಧೂಳನ್ನು ತಡೆಯುವ ಪ್ರಯತ್ನ ಮಾತ್ರ. ಉಜ್ಬೇಕಿಸ್ತಾನ 2018ರಿಂದೀಚೆಗೆ ಹತ್ತು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಒಣ ತಳದಲ್ಲಿ ಉಪ್ಪು ತಾಳುವ ಸಕ್ಸಾವುಲ್ ಗಿಡ ನೆಟ್ಟು, ಬೀಜ ಬಿತ್ತಿದೆ. ನೆಟ್ಟದ್ದೆಲ್ಲ ಬದುಕುವುದಿಲ್ಲ. ಬದುಕಿದ್ದು ಬೇರಿನಿಂದ ಮರಳನ್ನು ಹಿಡಿದಿಡುತ್ತದೆ.

ಲೆಕ್ಕ ಇನ್ನೂ ಮುಗಿದಿಲ್ಲ

ಅಫ್ಘಾನಿಸ್ತಾನ 2022ರಲ್ಲಿ ಅಮು ದರಿಯಾದಿಂದ ಕೋಶ್ ತೆಪಾ ಎಂಬ 285 ಕಿಲೋಮೀಟರ್ ಉದ್ದದ ಕಾಲುವೆಯನ್ನು ತೋಡಲಾರಂಭಿಸಿತು. ನದಿಯ ಐದನೇ ಒಂದು ಪಾಲು ನೀರು ಅದರತ್ತ ಹೋಗಬಹುದೆಂಬ ಅಂದಾಜುಗಳಿವೆ. ಯುದ್ಧದಿಂದ ಬಸವಳಿದ, ಹಸಿದ ಆ ನಾಡಿಗೆ ತನ್ನ ಗಡಿಯ ನದಿಯ ಮೇಲೆ ಹಕ್ಕಿಲ್ಲ ಎನ್ನಲು ಯಾರಿಗೂ ಬಾಯಿ ಬಾರದು. 1992ರ ಹಂಚಿಕೆಯಲ್ಲಿ ಅದಕ್ಕೆ ಸ್ಥಾನವೇ ಇರಲಿಲ್ಲ. ಅತ್ತ ಹವಾಮಾನ ಬದಲಾವಣೆಯಿಂದ ಪಾಮೀರ್, ತಿಯಾನ್ ಶಾನ್‌ಗಳ ಹಿಮನದಿಗಳು ಕರಗುತ್ತಿವೆ. ಮುಂದೆ ಹಂಚಿಕೊಳ್ಳಲು ಇರುವ ನೀರೇ ಕಡಿಮೆ.

ಹತ್ತಿ ಬೆಳೆಯುವುದು ತಪ್ಪಲ್ಲ, ನೀರಾವರಿಯೂ ತಪ್ಪಲ್ಲ. ಖ್ವಾರಿಝ್ಮ್‌ನ ರೈತರು ಶತಮಾನಗಳ ಕಾಲ ಎರಡನ್ನೂ ಮಾಡಿದ್ದರು. ಸಮುದ್ರ ಸೇರುವ ನೀರು ವ್ಯರ್ಥ ಎಂದು ಬಗೆದದ್ದು, ದಡದಲ್ಲಿ ಬದುಕುವವರನ್ನು ಕೇಳದೆ ಅವರ ಬದುಕಿಗೆ ಬೆಲೆ ಕಟ್ಟಿದ್ದು ತಪ್ಪು. ನದಿಯ ನೀರು ಸಮುದ್ರಕ್ಕೆ ಹರಿದು ಪೋಲಾಗುತ್ತಿದೆ ಎಂಬ ಮಾತು ನಮ್ಮ ವೇದಿಕೆಗಳಲ್ಲೂ ಆಗಾಗ ಕೇಳಿಬರುತ್ತದೆ. ಹಾಗೆ ಕೇಳಿದಾಗಲೆಲ್ಲ ನಾವು ಒಂದು ಪ್ರಶ್ನೆ ಕೇಳಬೇಕು: ಈ ಲೆಕ್ಕದಲ್ಲಿ ಯಾರನ್ನು ಬಿಟ್ಟಿದ್ದೀರಿ? ಮೊಯ್ನಾಕ್‌ನ ಮೀನುಗಾರರ ಪರವಾಗಿ ಆ ಪ್ರಶ್ನೆಯನ್ನು ಸಕಾಲದಲ್ಲಿ ಯಾರೂ ಕೇಳಲಿಲ್ಲ.